ಸ್ಕ್ಯಾನ್ ಸರಿಯಿದೆ, ಆದರೂ ಉಪವಾಸ

14 ಜೂನ್ 2025, ಶನಿವಾರ, ರಾತ್ರಿ

"ಸರ್, ಸಿ.ಟಿ.ಯಲ್ಲಿ ಏನೂ ಇಲ್ವಲ್ಲ, ಇನ್ನೂ ಯಾಕೆ ಬಾಯಿಗೆ ಏನೂ ಕೊಡ್ತಿಲ್ಲ?" ರೌಂಡ್ಸ್ ಮುಗಿಯುವ ಹೊತ್ತಿಗೆ, ಸೈಕಲ್ಲಿನಿಂದ ಬಿದ್ದು ಹೊಟ್ಟೆಗೆ ಪೆಟ್ಟಾದ ಮಗುವಿನ ಬಗ್ಗೆ ಕಿರಿಯ ವೈದ್ಯೆ ಕೇಳಿದ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆ. ವಾರ್ಡಿನಲ್ಲಿ ನಿಂತು ಎರಡು ಮಾತಿನಲ್ಲಿ ಮುಗಿಸುವಂಥದ್ದಲ್ಲ.

ಸೈಕಲ್ ಹ್ಯಾಂಡಲ್‌ನ ತುದಿ ಹೊಟ್ಟೆಗೆ ಒತ್ತಿದರೆ ಚರ್ಮದ ಮೇಲೆ ಉಳಿಯುವುದು ನಾಣ್ಯದಗಲದ ಗುರುತು, ಅಷ್ಟೆ. ಮಗುವಿನ ಹೊಟ್ಟೆಯ ಗೋಡೆಯಲ್ಲಿ ಸ್ನಾಯು, ಕೊಬ್ಬು ಎರಡೂ ಕಡಿಮೆ. ಹಿಂದೆಯೇ ಬೆನ್ನುಮೂಳೆ. ನಡುವೆ ಸಿಕ್ಕ ಕರುಳು ಜಜ್ಜಿಹೋಗುತ್ತದೆ, ಇಲ್ಲವೇ ತುಂಬಿದ ಸುರುಳಿಯ ಎರಡೂ ಕಡೆ ಮುಚ್ಚಿಕೊಂಡು ಒಳಗಿನ ಒತ್ತಡಕ್ಕೆ ಒಡೆಯುತ್ತದೆ. ಜೆಜುನಮ್ (ಸಣ್ಣ ಕರುಳಿನ ನಡುಭಾಗ) ಶುರುವಾಗುವ ಕಡೆ, ಇಲಿಯಮ್ (ಅದರ ಕೊನೆಯ ಭಾಗ) ಮುಗಿಯುವ ಕಡೆ ಕರುಳು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಎಳೆತಕ್ಕೆ ಅಲ್ಲೇ ಹರಿಯುವುದು ಹೆಚ್ಚು.

ಯಕೃತ್ತು, ಗುಲ್ಮ ಸೀಳಿದರೆ ಸ್ಕ್ಯಾನಿನಲ್ಲಿ ಅಲ್ಲೇ ಕಾಣುತ್ತದೆ. ಹೆಚ್ಚಿನವು ಕತ್ತಿ ಮುಟ್ಟಿಸದೆ ವಾಸಿಯೂ ಆಗುತ್ತವೆ. ಕರುಳಿನ ಕಥೆ ಬೇರೆ. ಸಣ್ಣ ತೂತಿದ್ದರೆ ಒಳಪೊರೆ ಹೊರಚಾಚಿ ಅದನ್ನು ತಾತ್ಕಾಲಿಕವಾಗಿ ಮುಚ್ಚಿಬಿಡುತ್ತದೆ. ಸಣ್ಣ ಕರುಳಿನಲ್ಲಿ ಗಾಳಿ ಕಡಿಮೆ, ಹಾಗಾಗಿ ಎಕ್ಸ್‌ರೇಯಲ್ಲಿ ಕರುಳಿನಿಂದ ಸೋರಿದ ಗಾಳಿ ಕಾಣದೇ ಹೋಗಬಹುದು. ಜಜ್ಜಿದ ಗೋಡೆ ಎರಡು ಮೂರು ದಿನ ಬಿಟ್ಟು ಸತ್ತು ತೂತಾಗುವುದೂ ಉಂಟು. ಪೆಟ್ಟು ಬಿದ್ದ ಮೊದಲ ಗಂಟೆಗಳ ಸಿ.ಟಿ. ಶುದ್ಧವಾಗಿದ್ದರೆ ಅದರ ಅರ್ಥ "ಇಲ್ಲಿಯವರೆಗೆ ಕಂಡಿಲ್ಲ" ಎಂದಷ್ಟೇ. ಯಕೃತ್ತು ಗುಲ್ಮಗಳಿಗೆ ಏನೂ ಆಗದೆ ಹೊಟ್ಟೆಯಲ್ಲಿ ದ್ರವ ಕಂಡರೆ, ಒಂದು ಕಡೆ ಕರುಳಿನ ಗೋಡೆ ದಪ್ಪಗಿದ್ದರೆ, ಮೆಸೆಂಟ್ರಿಯ (ಕರುಳನ್ನು ಹಿಡಿದು ಅದಕ್ಕೆ ರಕ್ತನಾಳ ತರುವ ಪದರ) ಕೊಬ್ಬು ಮಸುಕಾಗಿದ್ದರೆ ಅನುಮಾನ ಬಲವಾಗಬೇಕು. ಸೀಟ್ ಬೆಲ್ಟ್ ಒತ್ತಿದ ಪಟ್ಟಿ ಹೊಟ್ಟೆಗೆ ಅಡ್ಡಲಾಗಿದ್ದರೆ ಸೊಂಟದ ಬೆನ್ನುಮೂಳೆಯನ್ನೂ ನೋಡದೆ ಬಿಡಬಾರದು.

ಕಾಯುವುದೆಂದರೆ ಸುಮ್ಮನಿರುವುದಲ್ಲ. ನಾಲ್ಕು ಗಂಟೆಗೊಮ್ಮೆ, ಆದಷ್ಟು ಅದೇ ವೈದ್ಯರ ಅದೇ ಕೈ ಹೊಟ್ಟೆ ಮುಟ್ಟಬೇಕು. ನಾಡಿ, ಜ್ವರ, ಮೂತ್ರ ಬರೆದಿಡಬೇಕು. ನೋವಿನ ಔಷಧ ಕೊಟ್ಟರೆ ಲಕ್ಷಣ ಮುಚ್ಚಿಹೋಗುತ್ತದೆಂಬ ಹಳೆಯ ಭಯ ಇನ್ನೂ ಹೋಗಿಲ್ಲ, ಹೋಗಬೇಕು. ನೋವಿಗೆ ಅಳುವ ಮಗುವಿನ ಹೊಟ್ಟೆ ಯಾವಾಗಲೂ ಗಟ್ಟಿಯೇ. ಔಷಧ ಕೊಟ್ಟ ಮೇಲೂ ನಾಡಿ ಏರುತ್ತಿದ್ದರೆ, ಬಿಗಿತ ಹರಡುತ್ತಿದ್ದರೆ, ವಾಂತಿ ಹಸಿರಾದರೆ ಮತ್ತೊಂದು ಸ್ಕ್ಯಾನಿಗೆ ಕಾಯದೆ ಥಿಯೇಟರಿಗೆ ಹೇಳಬೇಕು. ಬಿ.ಪಿ. ಇಳಿಯಲಿ ಎಂದು ಕಾದರೆ ತಡವಾಯಿತು. ಇಪ್ಪತ್ತು ಕಿಲೋ ಮಗುವಿನ ಮೈಯಲ್ಲಿ ಹತ್ತಿರಹತ್ತಿರ 1,600 ಮಿ.ಲೀ. ರಕ್ತ. ಅದರ ಕಾಲು ಭಾಗ, 400 ಮಿ.ಲೀ. ಹೋದರೂ ಬಿ.ಪಿ. ಇಳಿಯದೆ ನಿಂತಿರಬಹುದು.

ಥಿಯೇಟರ್ ಮೊದಲು ಬೆಚ್ಚಗಾಗಬೇಕು. ದ್ರವ, ರಕ್ತ, ಹೊಟ್ಟೆ ತೊಳೆಯುವ ಸಲೈನ್ ಎಲ್ಲವೂ ಬೆಚ್ಚಗೆ. ಮೂಗಿನ ನಳಿಕೆ, ಮೂತ್ರದ ನಳಿಕೆ, ಆಂಟಿಬಯಾಟಿಕ್ ಚರ್ಮ ಕೊಯ್ಯುವ ಮುಂಚೆ. ಹೊಟ್ಟೆ ತೆರೆದ ಕೂಡಲೇ ರಕ್ತಸ್ರಾವ ನಿಲ್ಲಿಸುವುದು, ಆಮೇಲೆ ಸೋರಿಕೆ ಹಿಡಿಯುವುದು. ಕಂಡ ಮೊದಲ ತೂತನ್ನು ಹೊಲಿಯಲು ಕೈ ಹಾತೊರೆಯುತ್ತದೆ. ಬೇಡ. ಮೃದುವಾದ ಕ್ಲ್ಯಾಂಪ್ ಹಾಕಿ ಬಿಟ್ಟು, ಜೆಜುನಮ್ ಶುರುವಾಗುವ ಟ್ರೈಟ್ಸ್ ಲಿಗಮೆಂಟಿನಿಂದ ದೊಡ್ಡ ಕರುಳು ಶುರುವಾಗುವ ಸೀಕಮ್‌ವರೆಗೆ, ಅಲ್ಲಿಂದ ಅದರ ಕೊನೆಯ ರೆಕ್ಟಮ್‌ವರೆಗೆ ಕರುಳಿನ ಎರಡೂ ಮೈ, ಮೆಸೆಂಟ್ರಿಯ ಎರಡೂ ಬದಿ ನೋಡಬೇಕು. ಪಕ್ಕದ ಹತ್ತು ಸೆಂಟಿಮೀಟರಿನಲ್ಲಿ ಇನ್ನೆರಡು ತೂತು ಇದ್ದರೆ ಮಾಡಬೇಕಾದ ಕೆಲಸವೇ ಬದಲಾಗುತ್ತದೆ. ಮೆಸೆಂಟ್ರಿಯ ಅಂಚಿಗೆ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಬಿಡಿಸಿ ನೋಡಬೇಕು, ತೂತು ಅಡಗುವ ಜಾಗ ಅದು.

ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಹರಿದಿದ್ದರೆ ಸತ್ತ ಅಂಚನ್ನು ರಕ್ತ ಚಿಮ್ಮುವವರೆಗೆ ಕತ್ತರಿಸಿ ಹೊಲಿದರೆ ಸಾಕು. ಸೀಳು ಉದ್ದಕ್ಕಿದ್ದರೂ ಹೊಲಿಗೆ ಅಡ್ಡಕ್ಕೆ, ಇಲ್ಲದಿದ್ದರೆ ಕರುಳು ಕಿರಿದಾಗುತ್ತದೆ. 4-0 ಅಥವಾ 5-0 ಅಳತೆಯ, ತೆಳುವಾದ ಕರಗುವ ದಾರ, ಒಂದೇ ಪದರ, ಬಿಡಿಬಿಡಿ ಹೊಲಿಗೆ. ಮಕ್ಕಳ ಕರುಳಿಗೆ ಎರಡು ಪದರ ಹಾಕಿದರೆ ಒಳಗೆ ದಾರಿಯೇ ಉಳಿಯುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಹರಿದಿದ್ದರೆ, ತೂತುಗಳು ಒತ್ತೊತ್ತಾಗಿದ್ದರೆ, ಅಥವಾ ಮೆಸೆಂಟ್ರಿ ಕರುಳಿನಿಂದ ಬಕೆಟ್ ಹಿಡಿಯ ಹಾಗೆ ಕಿತ್ತುಬಂದು ಆ ತುಂಡು ಕಪ್ಪಾಗಿದ್ದರೆ ಕತ್ತರಿಸಿ ಜೋಡಿಸಬೇಕು. ಬಣ್ಣ ಅನುಮಾನವಿದ್ದರೆ ಬೆಚ್ಚನೆಯ ಬಟ್ಟೆ ಹೊದಿಸಿ ಹತ್ತು ನಿಮಿಷ ಕಾಯಿರಿ, ಎಷ್ಟೋ ಸಲ ಗುಲಾಬಿ ಬಣ್ಣ ಮರಳುತ್ತದೆ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿರುವ ಇಲಿಯೊಸೀಕಲ್ ಕವಾಟ ಉಳಿಸಲು ಏನು ಸಾಧ್ಯವೋ ಎಲ್ಲವನ್ನೂ ಮಾಡಬೇಕು. ಮಗು ಆ ಕರುಳಿನಲ್ಲೇ ಬೆಳೆಯಬೇಕು, ಒಂದೊಂದು ಸೆಂಟಿಮೀಟರಿಗೂ ಬೆಲೆಯಿದೆ. ಜೋಡಿಸಿದ ಮೇಲೆ ಮೆಸೆಂಟ್ರಿಯ ಕಿಂಡಿ ಮುಚ್ಚುವುದು ಮರೆತರೆ ಮತ್ತೊಂದು ಸುರುಳಿ ಅದರೊಳಗೆ ತೂರಿ ಸಿಕ್ಕಿಕೊಳ್ಳುತ್ತದೆ.

ಡುವೋಡಿನಮ್ (ಜಠರದ ನಂತರದ, ಸಣ್ಣ ಕರುಳಿನ ಮೊದಲ ಭಾಗ) ಗೋಡೆಯೊಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದ್ದರೆ, ತೂತಿಲ್ಲವೆಂದು ಖಚಿತವಾದರೆ, ಕತ್ತಿ ಬೇಡ. ಮೂಗಿನ ನಳಿಕೆ, ರಕ್ತನಾಳದ ಮೂಲಕ ಪೋಷಣೆ, ಒಂದರಿಂದ ಮೂರು ವಾರ ತಾಳ್ಮೆ. ಹೆತ್ತವರಿಗೆ ಇದನ್ನು ಮೊದಲ ದಿನವೇ ಹೇಳದಿದ್ದರೆ ಹತ್ತನೇ ದಿನ ಅವರ ಮುಖ ನೋಡುವುದು ಕಷ್ಟ. ದೊಡ್ಡ ಕರುಳಿನ ಗಾಯ ಬೇಗ ಸಿಕ್ಕರೆ ಅಲ್ಲೇ ಹೊಲಿಯಬಹುದು. ಮಲ ತುಂಬಾ ಹರಡಿದ್ದರೆ, ಮಗು ಶಾಕ್‌ನಲ್ಲಿದ್ದರೆ ಸ್ಟೋಮಾ, ಅಂದರೆ ಮಲ ಹೊರಹೋಗಲು ಹೊಟ್ಟೆಯ ಮೇಲೆ ದಾರಿ.

ಇನ್ನು, ಮೈ ತಣ್ಣಗಾಗಿ, ರಕ್ತ ಆಮ್ಲೀಯವಾಗಿ, ಹೆಪ್ಪುಗಟ್ಟುವುದೇ ನಿಂತ ಮಗುವಿಗೆ ಅಂದವಾದ ಜೋಡಣೆ ಬೇಡವೇ ಬೇಡ. ಸೋರುವ ತುದಿಗಳನ್ನು ಕಟ್ಟಿ, ಹೊಟ್ಟೆಗೆ ತಾತ್ಕಾಲಿಕ ಹೊದಿಕೆ ಹಾಕಿ ಐ.ಸಿ.ಯು.ಗೆ. ಮೈ ಬೆಚ್ಚಗಾಗಿ ಸ್ಥಿತಿ ಸುಧಾರಿಸಿದ ಮೇಲೆ, 24ರಿಂದ 48 ಗಂಟೆಯೊಳಗೆ, ಮತ್ತೆ ತೆರೆಯೋಣ.

ಒಂದು ಮಾತು ಬರೆಯದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ. ಎರಡು ಮೂರು ವರ್ಷದ ಮಗುವಿನ ಕರುಳು ತೂತಾಗಿದೆ, ಮಂಚದಿಂದ ಬಿತ್ತು ಎನ್ನುತ್ತಾರೆ. ಮಂಚದಿಂದ ಬಿದ್ದರೆ ಕರುಳು ಸಾಮಾನ್ಯವಾಗಿ ತೂತಾಗುವುದಿಲ್ಲ. ಗುದ್ದಿದರೆ, ಒದ್ದರೆ ಆಗುತ್ತದೆ. ಹೊಟ್ಟೆಯ ಮೇಲೆ ಗುರುತೇ ಇಲ್ಲದಿರಬಹುದು. ಬೆನ್ನು, ಕಿವಿ, ಬಾಯೊಳಗೆ, ಪಕ್ಕೆಲುಬು, ಎಲ್ಲವನ್ನೂ ನೋಡಿ, ಹೇಳಿದ ಮಾತನ್ನು ಅವರ ಶಬ್ದಗಳಲ್ಲೇ ಬರೆದಿಟ್ಟು, ಮಕ್ಕಳ ರಕ್ಷಣೆಯವರನ್ನು ಅದೇ ದಿನ ಕರೆಯಬೇಕು. ಹೊಲಿದು ಅದೇ ಮನೆಗೆ ಕಳಿಸಿದರೆ ನಾವು ಮಾಡಿದ್ದು ಚಿಕಿತ್ಸೆಯಲ್ಲ.

ಹೊಲಿದ ಕಡೆ ಸೋರಿಕೆಯಾದರೆ ಸಾಮಾನ್ಯವಾಗಿ ಐದರಿಂದ ಏಳನೇ ದಿನಕ್ಕೆ ಗೊತ್ತಾಗುತ್ತದೆ. ಇಳಿದ ಜ್ವರ ಮತ್ತೆ ಏರುತ್ತದೆ, ತಿನ್ನುತ್ತಿದ್ದ ಮಗು ತಟ್ಟೆ ದೂರ ತಳ್ಳುತ್ತದೆ. ಇದನ್ನು ಎಲ್ಲರೂ ಕಾಯುತ್ತಾರೆ. ಕಾಯದೇ ಬಿಡುವುದು ಆಪರೇಷನ್ನೇ ಇಲ್ಲದೆ ಮನೆಗೆ ಹೋದ ಮಗುವನ್ನು. ಮೆಸೆಂಟ್ರಿಯ ಸಣ್ಣ ಹರುಕಿನಿಂದ ರಕ್ತ ಕಡಿಮೆಯಾದ ತುಂಡು ತೂತಾಗದೆ ನಿಧಾನಕ್ಕೆ ಗಾಯಗಟ್ಟಿ ಕಿರಿದಾಗುತ್ತದೆ. ಕೆಲವು ವಾರ ಕಳೆದು ಹೊಟ್ಟೆ ಉಬ್ಬರ, ಹಸಿರು ವಾಂತಿ. ಅಷ್ಟರಲ್ಲಿ ಸೈಕಲ್ಲಿನಿಂದ ಬಿದ್ದದ್ದು ಯಾರ ನೆನಪಿನಲ್ಲೂ ಇರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಹೊಟ್ಟೆ ಉಬ್ಬರ, ಹಸಿರು ವಾಂತಿಯ ಬಗ್ಗೆ ಎಚ್ಚರಿಸುವ ಒಂದು ಸಾಲು ಕಡ್ಡಾಯವಾಗಿ ಇರಲಿ ಎಂದು ನಾಳೆ ಹೇಳಬೇಕು, ಜೊತೆಗೆ ಮತ್ತೆ ತೋರಿಸಬೇಕಾದ ತಾರೀಕು, ಮತ್ತೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದೂ