ಬೈದ ಮಾತ್ರಕ್ಕೆ ಟೆಕ್ನಿಕಲ್ ಅಲ್ಲ, ನಗುತ್ತಾ ಕೇಳಿದ್ದೆಲ್ಲ ಪ್ರಶ್ನೆಯೂ ಅಲ್ಲ

ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಲೇ-ಅಪ್ (ಬುಟ್ಟಿಯ ಹತ್ತಿರಕ್ಕೆ ಓಡಿ ಹಾಕುವ ಶಾಟ್) ಮಿಸ್ ಮಾಡಿದ ಆಟಗಾರ ವಾಪಸ್ ಓಡುತ್ತಾ ತನ್ನನ್ನು ತಾನೇ ಕೆಟ್ಟದಾಗಿ ಬೈದುಕೊಳ್ಳುತ್ತಾನೆ. ಎದುರು ಬೆಂಚಿನಿಂದ ತಕ್ಷಣ ಕೂಗು: “ಸರ್, ಬಾಯಿಗೆ ಬಂದ ಹಾಗೆ ಮಾತಾಡ್ತಿದಾನೆ, ಟಿ ಕೊಡಿ!” ಅದೇ ಪಂದ್ಯದಲ್ಲಿ ಸ್ವಲ್ಪ ಹೊತ್ತಿನ ನಂತರ ಇನ್ನೊಬ್ಬ ಆಟಗಾರ ಒಂದೂ ಕೆಟ್ಟ ಪದ ಆಡದೆ, ನಗುನಗುತ್ತಲೇ ರೆಫರಿ ಹತ್ತಿರ ಬಂದು ಕೇಳುತ್ತಾನೆ: “ಅವರು ಎಷ್ಟು ಕೊಟ್ಟಿದಾರೆ ಸರ್?” ಮೊದಲನೆಯದಕ್ಕೆ ಟೆಕ್ನಿಕಲ್ ಫೌಲ್ (ಟಿ), ಅಂದರೆ ಕೆಟ್ಟ ವರ್ತನೆಗೆ ಕೊಡುವ ಫೌಲ್, ಬೇಡ. ಎರಡನೆಯದಕ್ಕೆ ಬೇಕೇ ಬೇಕು. ಈ ವ್ಯತ್ಯಾಸ ತಿಳಿಯದ ರೆಫರಿ ಪಂದ್ಯದುದ್ದಕ್ಕೂ ಪದಗಳನ್ನು ಹಿಡಿಯುತ್ತಾ ಕೂರುತ್ತಾನೆ, ಆಟ ಕೈ ಬಿಟ್ಟು ಹೋಗುತ್ತದೆ.

ನಮ್ಮಲ್ಲಿ ರಾಜ್ಯ ಮತ್ತು ರಾಷ್ಟ್ರಮಟ್ಟದ ಪಂದ್ಯಗಳು ನಡೆಯುವುದು ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ನಿಯಮಗಳ ಪ್ರಕಾರ. ಟೆಕ್ನಿಕಲ್ ಫೌಲಿನ ವಿಷಯ 36ನೇ ವಿಧಿಯಲ್ಲಿದೆ. ಅಲ್ಲಿ ಬೈಗುಳಗಳ ಪಟ್ಟಿ ಇಲ್ಲ. ರೆಫರಿ, ಕಮಿಷನರ್, ಟೇಬಲ್ ಅಧಿಕಾರಿಗಳು (ಸ್ಕೋರು, ಸಮಯ ನೋಡಿಕೊಳ್ಳುವವರು), ಎದುರಾಳಿಗಳು, ಬೆಂಚಿನಲ್ಲಿರುವವರು, ಇವರೊಂದಿಗೆ ಅಗೌರವದಿಂದ ನಡೆದುಕೊಳ್ಳುವುದು ಅಥವಾ ಮಾತಾಡುವುದು, ಪ್ರೇಕ್ಷಕರನ್ನು ನೋಯಿಸುವ ಇಲ್ಲವೇ ಕೆರಳಿಸುವ ಭಾಷೆ, ಸನ್ನೆ, ಎದುರಾಳಿಯನ್ನು ಕೆಣಕುವುದು, ಕೊಟ್ಟ ಎಚ್ಚರಿಕೆಯನ್ನು ಕಡೆಗಣಿಸುವುದು. ಮಾತು, ಸನ್ನೆಗಳಿಗೆ ಸಂಬಂಧಿಸಿದ್ದು ಮುಖ್ಯವಾಗಿ ಇಷ್ಟು. ಪ್ರತಿಯೊಂದರಲ್ಲೂ ಎದುರಿಗೆ ಒಬ್ಬರಿದ್ದಾರೆ ಎನ್ನುವುದನ್ನು ಗಮನಿಸಿ. ಮಾತು ಯಾರ ಮೇಲೆ ಬಿತ್ತು ಎನ್ನುವುದೇ ಅಳತೆಗೋಲು.

ಹಾಗಾಗಿ ಕಿವಿಗೆ ಬಿದ್ದ ಮಾತನ್ನು ಮೂರು ರೀತಿಯಲ್ಲಿ ತೂಗಬೇಕು. ಅದು ವೈಯಕ್ತಿಕವೇ? ಎಷ್ಟು ದೂರ ಕೇಳಿಸಿತು? ಅಲ್ಲಿಗೇ ನಿಂತಿತೋ, ಎಳೆದಾಡುತ್ತಿದೆಯೋ? ತನ್ನ ತಪ್ಪಿಗೆ ತಾನೇ ಗೊಣಗಿದ್ದು ಒಂದೂವರೆ ಮೀಟರ್ ದಾಟದಿದ್ದರೆ ಕೇಳಿಸದ ಹಾಗೆ ಓಡಿಬಿಡಿ. ಅದೇ ಮಾತು ಗ್ಯಾಲರಿಯ ಮೂರನೇ ಸಾಲಿನಲ್ಲಿ ಕೂತ ಮಕ್ಕಳಿಗೆ ಕೇಳಿಸಿದರೆ ಸುಮ್ಮನಿರುವ ಹಾಗಿಲ್ಲ. ಬೈದುಕೊಂಡಿದ್ದು ತನ್ನನ್ನೇ ಆದರೂ ಮೊದಲ ಡೆಡ್ ಬಾಲ್‌ನಲ್ಲಿ (ಚೆಂಡು ಆಟದಲ್ಲಿಲ್ಲದ ಹೊತ್ತಿನಲ್ಲಿ) ಎಚ್ಚರಿಕೆ ಹೋಗಬೇಕು. ಸಬ್-ಜೂನಿಯರ್ ಪಂದ್ಯಗಳಲ್ಲಂತೂ ಈ ಮಿತಿ ಇನ್ನೂ ಬಿಗಿಯಾಗಿರಬೇಕು, ಹದಿಮೂರು ವರ್ಷದ ಹುಡುಗ ಕೇಳಿದ್ದನ್ನೇ ಮುಂದಿನ ಪಂದ್ಯದಲ್ಲಿ ಆಡುತ್ತಾನೆ.

ಕನ್ನಡ ಮಾತಾಡುವ ಕೋರ್ಟಿನಲ್ಲಿ ನಮಗೆ ಇನ್ನೊಂದು ಸೂಕ್ಷ್ಮ ಅಳತೆ ಇದೆ: ಬಹುವಚನ ಏಕವಚನಕ್ಕೆ ಇಳಿಯುವ ಕ್ಷಣ. “ನೋಡಿ ಸರ್, ಕೈಗೆ ಹೊಡೆದ” ಎಂದರೆ ಅದು ದೂರು. “ನೋಡ್ರೀ ಸ್ವಲ್ಪ” ಎಂದರೆ ಬಿಸಿ ಏರುತ್ತಿದೆ. “ಏನ್ ನೋಡ್ತಿದೀಯಾ?” ಎಂದರೆ ಗೆರೆ ದಾಟಿತು, ಅದರಲ್ಲಿ ಒಂದೂ ಅಶ್ಲೀಲ ಪದ ಇಲ್ಲದಿದ್ದರೂ. “ಕಣ್ಣು ಕಾಣಲ್ವಾ?” ತೀರ್ಪಿನ ಬಗ್ಗೆ ಅಲ್ಲ, ವ್ಯಕ್ತಿಯ ಬಗ್ಗೆ. ಇನ್ನು “ಮಗಾ” ಎಂಬ ಪದ. ಬೆಂಗಳೂರಿನ ಹುಡುಗರು ತಮ್ಮ ತಂಡದವನನ್ನೇ ದಿನವಿಡೀ “ಮಗಾ, ಪಾಸ್ ಕೊಡೋ” ಎಂದು ಕರೆಯುತ್ತಾರೆ. ಆದರೆ ಶಾಟ್ ಬ್ಲಾಕ್ ಮಾಡಿ, ಕೆಳಗೆ ಬಿದ್ದವನ ಮುಖದ ಮೇಲೆ ಬಗ್ಗಿ “ಏನ್ ಮಗಾ?” ಎಂದರೆ ಅದು ಕೆಣಕುವುದು. ಪದ ಒಂದೇ, ಎಲ್ಲಿ ನಿಂತು ಯಾರಿಗೆ ಹೇಳಿದ ಎನ್ನುವುದು ಬೇರೆ.

ಪ್ರಾಮಾಣಿಕತೆಯನ್ನು ಪ್ರಶ್ನಿಸುವ ಮಾತಿಗೆ ಎಚ್ಚರಿಕೆಯ ಹಂತವೇ ಇರಬಾರದು ಎಂದು ನನ್ನ ಖಚಿತ ಅಭಿಪ್ರಾಯ. ಕೋಪದಲ್ಲಿ ಜಾರಿದ ಬೈಗುಳವನ್ನು ಆಡಿದವನೇ ಮರೆಯುತ್ತಾನೆ. “ಮೊದಲೇ ಮಾತಾಡ್ಕೊಂಡಿದೀರಲ್ಲ” ಎಂಬುದು ಬೆಂಚಿನಿಂದ ಗ್ಯಾಲರಿಗೆ, ಗ್ಯಾಲರಿಯಿಂದ ಊರಿಗೆ ಹೋಗುತ್ತದೆ.

ರೆಫರಿಗೆ ಭಾಷೆಯೇ ಅರ್ಥವಾಗದಿದ್ದರೆ? ಇದು ಕಾಲ್ಪನಿಕ ಸಮಸ್ಯೆ ಅಲ್ಲ. ರಾಷ್ಟ್ರೀಯ ಟೂರ್ನಿಯಲ್ಲಿ ಪಂಜಾಬಿ, ತಮಿಳು, ಮಲಯಾಳಂ ಎಲ್ಲ ಒಂದೇ ಕೋರ್ಟಿನಲ್ಲಿ ಕೇಳಿಸುತ್ತದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ನಡೆದಾಗ ಜಪಾನ್, ಚೀನಾ, ಕೊರಿಯಾ ತಂಡಗಳಿದ್ದವು. ಅಂಥ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಅಧಿಕಾರಿಗಳ ಮಾತು ಇಂಗ್ಲಿಷಿನಲ್ಲೇ. ಅರ್ಥವಾಗದ ಮಾತಿಗೆ ಊಹೆಯ ಮೇಲೆ ಸೀಟಿ ಊದುವ ಹಾಗಿಲ್ಲ. ಆದರೆ ದೇಹಭಾಷೆ ಅರ್ಥವಾಗುತ್ತದೆ: ಎದುರಾಳಿಯ ಮುಖಕ್ಕೆ ಮುಖ ಕೊಟ್ಟು ನಿಲ್ಲುವುದು, ಬೆರಳು ತೋರಿಸುವುದು, ರೆಫರಿಯ ಕಡೆ ಕೈ ಬೀಸಿ ತಿರುಗಿ ನಡೆಯುವುದು. ಮೂವರು ರೆಫರಿಗಳಲ್ಲಿ ಒಬ್ಬರಿಗೆ ಆ ಭಾಷೆ ಬಂದರೆ, ಸೀಟಿ ಅವರದೇ ಆಗಬೇಕು, ಅದು ಅವರ ಮೂಲೆಯಲ್ಲಿ ನಡೆಯದಿದ್ದರೂ ಸರಿ. ಇದನ್ನು ಪಂದ್ಯಪೂರ್ವ ಮಾತುಕತೆಯಲ್ಲೇ ತೀರ್ಮಾನಿಸಿಕೊಳ್ಳಿ.

ಈಗ ಎಚ್ಚರಿಕೆಯ ವಿಚಾರ. ಇಲ್ಲಿ ತುಂಬ ಜನ ಎಡವುತ್ತಾರೆ. ಓಡುತ್ತಾ ಆಟಗಾರನ ಕಿವಿಯಲ್ಲಿ “ಸಾಕು, ಬಿಡು” ಎನ್ನುವುದು ಒಳ್ಳೆಯದೇ, ಆದರೆ ಅದು ಅಧಿಕೃತ ಎಚ್ಚರಿಕೆ ಅಲ್ಲ. ಫಿಬಾ ವ್ಯಾಖ್ಯಾನದ ಪ್ರಕಾರ ಅಧಿಕೃತ ಎಚ್ಚರಿಕೆ ಕೊಡಬೇಕಾದ್ದು ಚೆಂಡು ಡೆಡ್ ಆಗಿ ಗಡಿಯಾರ ನಿಂತಿರುವಾಗ ಮಾತ್ರ. ಆಟಗಾರನಿಗೆ ಹೇಳಿದ್ದನ್ನು ಆ ತಂಡದ ಮುಖ್ಯ ಕೋಚ್‌ಗೂ ಹೇಳಬೇಕು. ಒಮ್ಮೆ ಹೇಳಿದ ಮೇಲೆ ಅದೇ ಬಗೆಯ ವರ್ತನೆಗೆ ಆ ಎಚ್ಚರಿಕೆ ಇಡೀ ತಂಡಕ್ಕೆ, ಪಂದ್ಯ ಮುಗಿಯುವವರೆಗೆ ಅನ್ವಯ. ಅಂದರೆ ಏಳನೇ ನಂಬರಿನವನಿಗೆ ಎರಡನೇ ಕ್ವಾರ್ಟರ್‌ನಲ್ಲಿ ಎಚ್ಚರಿಸಿದ್ದರೆ, ನಾಲ್ಕನೇ ಕ್ವಾರ್ಟರ್‌ನಲ್ಲಿ ಅದನ್ನೇ ಮಾಡಿದ ಹನ್ನೊಂದನೇ ನಂಬರಿಗೆ ನೇರವಾಗಿ ಟೆಕ್ನಿಕಲ್. ಕೋಚ್‌ಗೆ ಹೇಳುವುದನ್ನು ಮರೆತರೆ ಆಗ “ನಮಗೆ ಯಾವಾಗ ಹೇಳಿದ್ರಿ?” ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಇರುವುದಿಲ್ಲ. ಮೂವರು ರೆಫರಿಗಳು ಪರಸ್ಪರ ತಿಳಿಸದೆ ಇದ್ದರೆ ಇನ್ನೊಂದು ಅವಾಂತರ: ಮೂವರೂ ಒಬ್ಬೊಬ್ಬರಾಗಿ ಹೋಗಿ “ಇದೇ ಕೊನೇ ಸಲ” ಎಂದು ಹೇಳಿ, ಒಂದೇ ಬೆಂಚಿಗೆ ಮೂರು ಕೊನೇ ಸಲ ಕೊಟ್ಟಿರುತ್ತಾರೆ.

ಎಚ್ಚರಿಸುವಾಗ ಒಂದೇ ವಾಕ್ಯ ಸಾಕು. ಅಂಗೈ ಮುಂದೆ ಮಾಡಿ ತಡೆಯುವ ಸನ್ನೆ ಎಲ್ಲರಿಗೂ ಕಾಣಲಿ, ದನಿ ಮಾತ್ರ ಅವರಿಗಷ್ಟೇ ಕೇಳಲಿ. ತಂಡದ ನಾಯಕನನ್ನು ಬಳಸಿಕೊಳ್ಳಿ. “ಕ್ಯಾಪ್ಟನ್, ನಿಮ್ಮ ಹುಡುಗನನ್ನ ನೀವೇ ನೋಡ್ಕೊಳ್ಳಿ” ಎಂಬ ಮಾತು ಎಷ್ಟೋ ಫೌಲ್‌ಗಳನ್ನು ತಪ್ಪಿಸುತ್ತದೆ.

ಕೊಡಲೇಬೇಕಾದಾಗ ತಡಮಾಡಬೇಡಿ, ಅವಸರವನ್ನೂ ಮಾಡಬೇಡಿ. ಒಂದು ಉಸಿರಿನಷ್ಟು ಹೊತ್ತು. ಬೈದ ತಂಡದ ಎದುರಾಳಿ ವೇಗವಾಗಿ ಬುಟ್ಟಿಯತ್ತ ನುಗ್ಗುತ್ತಿದ್ದರೆ ಆ ದಾಳಿ ಮುಗಿಯಲಿ, ಇಲ್ಲವಾದರೆ ಬೈದವರಿಗೇ ಲಾಭ. ಸೀಟಿ, ಅಂಗೈಗಳಿಂದ ಟಿ ಆಕಾರ, ಅಷ್ಟೇ. ಆಟಗಾರನ ಮುಖದ ಮುಂದೆ ಟಿ ತೋರಿಸುವುದು, ಕೈ ಝಾಡಿಸುವುದು ಬೇಡ. ವರದಿ ಮಾಡಿದ ರೆಫರಿ ಅಲ್ಲಿಂದ ದೂರ ಹೋಗಬೇಕು. ಆಟಗಾರನನ್ನೋ ಕೋಚನ್ನೋ ಸಮಾಧಾನ ಮಾಡಬೇಕಿದ್ದರೆ ಅದು ಜೊತೆಗಾರ ರೆಫರಿಯ ಕೆಲಸ. ಈ ಸಣ್ಣ ಹಂಚಿಕೆ ತಪ್ಪಿದಾಗಲೇ ಒಂದು ಟೆಕ್ನಿಕಲ್ ಅರ್ಧ ನಿಮಿಷದಲ್ಲಿ ಎರಡಾಗುವುದು.

ಶಿಕ್ಷೆ ಎದುರಾಳಿಗೆ ಒಂದು ಫ್ರೀ ಥ್ರೋ, ಅಂದರೆ ಯಾರೂ ತಡೆಯದ ಒಂದು ಶಾಟ್. ಯಾರು ಬೇಕಾದರೂ ಹಾಕಬಹುದು, ರೀಬೌಂಡಿಗೆ (ಬೀಳದೆ ವಾಪಸ್ ಬಂದ ಚೆಂಡು ಹಿಡಿಯಲು) ಸಾಲು ನಿಲ್ಲುವುದಿಲ್ಲ, ಆಮೇಲೆ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆಟಗಾರನ ಟೆಕ್ನಿಕಲ್ ಅವನ ಐದು ಫೌಲ್‌ಗಳಲ್ಲಿ ಒಂದಾಗಿ, ತಂಡದ ಫೌಲ್ ಲೆಕ್ಕಕ್ಕೂ ಸೇರುತ್ತದೆ. ಬೆಂಚಿನ ಟೆಕ್ನಿಕಲ್ ತಂಡದ ಲೆಕ್ಕಕ್ಕೆ ಸೇರುವುದಿಲ್ಲ. ಟೇಬಲ್‌ನಲ್ಲಿ ಹೊಸಬರು ಕೂತಾಗ ಇದೇ ಗೊಂದಲ ಜಾಸ್ತಿ, ಒಮ್ಮೆ ಕಣ್ಣಾಡಿಸಿ. ಆಟಗಾರನಿಗೆ ಎರಡು ಟೆಕ್ನಿಕಲ್ ಆದರೆ, ಅಥವಾ ಒಂದು ಟೆಕ್ನಿಕಲ್ ಜೊತೆ ಒಂದು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ (ಕ್ರೀಡಾಸ್ಫೂರ್ತಿಗೆ ವಿರುದ್ಧವಾದ ಒರಟು ಫೌಲ್) ಆದರೆ ಅವನು ಹೊರಗೆ. ಆದರೂ ಆ ಎರಡನೆಯ ಫೌಲಿಗೆ ಎಷ್ಟು ಶಿಕ್ಷೆಯೋ ಅಷ್ಟೇ, ಹೊರಹಾಕಿದ್ದಕ್ಕೆ ಹೆಚ್ಚುವರಿ ಫ್ರೀ ಥ್ರೋ ಇಲ್ಲ. ಹೊರಗೆ ಎಂದರೆ ಬೆಂಚಿನ ಹಿಂದಿನ ಕುರ್ಚಿ ಅಲ್ಲ, ಡ್ರೆಸ್ಸಿಂಗ್ ರೂಮ್ ಅಥವಾ ಕಟ್ಟಡದ ಆಚೆ.

ಕೋಚ್ ವಿಷಯಕ್ಕೆ ಬರೋಣ. ಮುಖ್ಯ ಕೋಚ್, ಮೊದಲ ಸಹಾಯಕ ಕೋಚ್ ಇಬ್ಬರಲ್ಲಿ ಒಂದು ಹೊತ್ತಿಗೆ ಒಬ್ಬರೇ ನಿಂತಿರಬಹುದು. ಸಹಾಯಕ ಕೋಚ್ ರೆಫರಿಯೊಂದಿಗೆ ಮಾತಾಡುವ ಹಾಗಿಲ್ಲ. ಸ್ಕೋರು, ಸಮಯ, ಫೌಲ್ ಸಂಖ್ಯೆಯನ್ನು ಮುಖ್ಯ ಕೋಚ್ ಟೇಬಲ್‌ನವರಲ್ಲಿ ಸೌಜನ್ಯದಿಂದ ಕೇಳಬಹುದು, ಚೆಂಡು ಡೆಡ್ ಆಗಿ ಗಡಿಯಾರ ನಿಂತಾಗ. ಸ್ಥಳೀಯ ಟೂರ್ನಿಗಳಲ್ಲಿ ಟೈಮರ್ ಹಿಡಿದು ಕೂತ ಕಾಲೇಜು ಹುಡುಗಿಯ ಮೇಲೆ ಕೋಚ್ ರೇಗುವುದನ್ನು ರೆಫರಿಗಳು ತಮಗೆ ಸಂಬಂಧವಿಲ್ಲವೆಂಬಂತೆ ಬಿಡುತ್ತಾರೆ. ಅದು ತಪ್ಪು. ಟೇಬಲ್‌ನವರಿಗೆ ಸೀಟಿ ಇಲ್ಲ, ಅವರ ಪರವಾಗಿ ಊದಬೇಕಾದವರು ನೀವೇ.

ಕೋಚ್ ಪ್ರಶ್ನೆ ಕೇಳಿದರೆ ಉತ್ತರ ಕೊಡಿ, ಟೀಕೆಗೆ ಕೊಡಬೇಡಿ. “ಅದು ಯಾಕೆ ಬ್ಲಾಕಿಂಗ್ (ನಿಯಮ ಮೀರಿ ದಾರಿಗೆ ಅಡ್ಡ ಬಂದ ಫೌಲ್)?” ಪ್ರಶ್ನೆ. “ಬೆಳಗ್ಗೆಯಿಂದ ಇದೇ ಕಥೆ” ಟೀಕೆ. ಮೊದಲನೆಯದಕ್ಕೆ ಉತ್ತರ ನಿಯಮದ ಮಾತಿನಲ್ಲಿ, ಒಂದೇ ಉಸಿರಿನಲ್ಲಿ ಇರಲಿ: “ಕೋಚ್, ಶೂಟರ್ ಹಾರಿದ ಮೇಲೆ ಇವನು ದಾರಿಗೆ ಬಂದ.” “ಡಿಫೆಂಡರ್ ಕಾಲು ಅಲ್ಲಾಡ್ತಿತ್ತು” ಎಂಬ ಜನಪ್ರಿಯ ಉತ್ತರ ಕೊಟ್ಟರೆ ಸಿಕ್ಕಿಬೀಳುತ್ತೀರಿ, ಯಾಕೆಂದರೆ ಎರಡೂ ಕಾಲು ನೆಲದಲ್ಲಿಟ್ಟು ಎದುರಾಳಿಗೆ ಮುಖ ಮಾಡಿ ಜಾಗ ಹಿಡಿದ ಡಿಫೆಂಡರ್ ಆಮೇಲೆ ಪಕ್ಕಕ್ಕೆ, ಹಿಂದಕ್ಕೆ ಸರಿಯಬಹುದು. ನಿಯಮ ಓದಿದ ಕೋಚ್ ಅಲ್ಲೇ ಹಿಡಿಯುತ್ತಾರೆ. ನಿಮಗೆ ಕಾಣದಿದ್ದರೆ “ನನ್ನ ಜಾಗದಿಂದ ಕಾಣಲಿಲ್ಲ” ಎನ್ನಿ. ಒಂದು ಪಂದ್ಯದಲ್ಲಿ ಒಮ್ಮೆ ಹೇಳಿದರೆ ಗೌರವ ಹೆಚ್ಚುತ್ತದೆ, ನಾಲ್ಕು ಸಲ ಹೇಳಿದರೆ ಜಾಗ ಬದಲಿಸಿಕೊಳ್ಳಬೇಕಾದವರು ನೀವು. “ಅದು ನನ್ನ ಕಾಲ್ ಅಲ್ಲ” ಎಂದು ಜೊತೆಗಾರನನ್ನು ಮಾತ್ರ ಎಂದೂ ಬಿಟ್ಟುಕೊಡಬೇಡಿ. ನಿಲ್ಲುವಾಗ ಎದೆಗೆ ಎದೆ ಕೊಟ್ಟು ನಿಲ್ಲದೆ, ಪಕ್ಕದಲ್ಲಿ ನಿಂತು ಇಬ್ಬರೂ ಕೋರ್ಟ್ ನೋಡುವ ಹಾಗೆ ಮಾತಾಡಿದರೆ ಅರ್ಧ ಬಿಸಿ ಅಲ್ಲೇ ಇಳಿಯುತ್ತದೆ.

ನಮ್ಮ ವಲಯದ ಒಂದು ನಿಜವಾದ ಕಷ್ಟ: ಎದುರಿಗಿರುವ ಕೋಚ್ ಎಷ್ಟೋ ಸಲ ರೆಫರಿಗೆ ಆಟ ಕಲಿಸಿದವರು. ಬಾಯಲ್ಲಿ “ಸರ್” ಎಂದೇ ಬರುತ್ತದೆ, ಅವರು “ಏನೋ ಮಾಡ್ತಿದೀಯಾ” ಎಂದೇ ಕರೆಯುತ್ತಾರೆ. ಕೋರ್ಟಿನೊಳಗೆ ಇಬ್ಬರಿಗೂ “ಕೋಚ್” ಎಂದೇ ಸಂಬೋಧಿಸಿ, ಎರಡೂ ಬೆಂಚಿಗೆ ಒಂದೇ ಪದ. ಎದುರು ಬೆಂಚು ಇದನ್ನೇ ಕಿವಿಗೊಟ್ಟು ಕೇಳುತ್ತಿರುತ್ತದೆ.

ಕೋಚ್‌ನ ಸ್ವಂತ ವರ್ತನೆಗೆ ಕೊಟ್ಟ ಟೆಕ್ನಿಕಲ್ ಸ್ಕೋರ್‌ಶೀಟಿನಲ್ಲಿ ‘ಸಿ’. ಬೆಂಚಿನ ಬೇರೆ ಯಾರಾದರೂ ಕೂಗಾಡಿದರೆ ‘ಬಿ’, ಅದೂ ಮುಖ್ಯ ಕೋಚ್ ಹೆಸರಿಗೇ. ಎರಡು ‘ಸಿ’ ಆದರೆ ಕೋಚ್ ಹೊರಗೆ; ಮೂರೂ ‘ಬಿ’ ಆದರೂ, ಮೂರರಲ್ಲಿ ಒಂದು ‘ಸಿ’ ಆದರೂ ಹೊರಗೆ. ಆಗ ಮೊದಲ ಸಹಾಯಕ ಕೋಚ್, ಅವರಿಲ್ಲದಿದ್ದರೆ ನಾಯಕ ಜವಾಬ್ದಾರಿ ತೆಗೆದುಕೊಳ್ಳುತ್ತಾರೆ. ಬೆದರಿಕೆ, ಮೈಮೇಲೆ ಬರುವುದು, ಉಗುಳುವುದು ಇಂಥದ್ದಕ್ಕೆ ಟೆಕ್ನಿಕಲ್ ಅಲ್ಲ, ನೇರ ಡಿಸ್‌ಕ್ವಾಲಿಫೈಯಿಂಗ್, ಅಂದರೆ ಆಗಲೇ ಹೊರಹಾಕುವ ಫೌಲ್.

ರೆಫರಿಯೇ ಗೆರೆ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಒಂದು ಸಂಗತಿ ಸಾಕು. 2007ರ ಏಪ್ರಿಲ್‌ನಲ್ಲಿ ಡಲ್ಲಾಸ್ ವಿರುದ್ಧದ ಪಂದ್ಯದಲ್ಲಿ ಸ್ಯಾನ್ ಆಂಟೋನಿಯೊ ತಂಡದ ಟಿಮ್ ಡಂಕನ್ ಬೆಂಚಿನಲ್ಲಿ ಕೂತು ನಗುತ್ತಿದ್ದಾಗ ರೆಫರಿ ಜೋಯಿ ಕ್ರಾಫರ್ಡ್ ಟೆಕ್ನಿಕಲ್ ಕೊಟ್ಟು ಹೊರಹಾಕಿದರು. ಲೀಗ್ ಕ್ರಾಫರ್ಡ್ ಅವರನ್ನು ಆ ಸೀಸನ್ನಿನ ಉಳಿದ ಭಾಗಕ್ಕೆ ಅಮಾನತು ಮಾಡಿತು. ಅವರು ಆ ಕಾಲದ ಅತ್ಯಂತ ಅನುಭವಿ ರೆಫರಿಗಳಲ್ಲಿ ಒಬ್ಬರು. ಇನ್ನೊಂದು ತುದಿಯಲ್ಲಿ ಆಟಗಾರ ರಶೀದ್ ವಾಲೇಸ್: 2000-01ರ ಒಂದೇ ಸೀಸನ್ನಿನಲ್ಲಿ 41 ಟೆಕ್ನಿಕಲ್. ಈಗ ಅಲ್ಲಿ ಸೀಸನ್ನಿನ 16ನೇ ಟೆಕ್ನಿಕಲ್‌ಗೆ ಒಂದು ಪಂದ್ಯದ ಅಮಾನತು ಇದೆ. 2019-20ರಿಂದ ಕೋಚ್‌ಗಳಿಗೆ ಚಾಲೆಂಜ್ (ತೀರ್ಪನ್ನು ವಿಡಿಯೊದಲ್ಲಿ ಮತ್ತೆ ನೋಡಿ ಎಂದು ಕೇಳುವ ಅವಕಾಶ) ಕೂಡ ಸಿಕ್ಕಿತು, ಫಿಬಾ ಕೂಡ ಮರುವೀಕ್ಷಣೆ ಉಪಕರಣ ಇರುವ ಪಂದ್ಯಗಳಿಗೆ ಇದನ್ನು ತಂದಿದೆ. ನಮ್ಮ ಜಿಲ್ಲಾ ಟೂರ್ನಿಗಳಲ್ಲಿ ಅಂಥ ಪರದೆ ಇಲ್ಲ, ಹಾಗಾಗಿ ಪ್ರಶ್ನೆಗಳೆಲ್ಲ ರೆಫರಿಯ ಮುಖಕ್ಕೇ ಬರುತ್ತವೆ.

ಪಂದ್ಯ ಮುಗಿದ ಮೇಲಿನ ಕಾರಿಡಾರ್ ಮಾತುಗಳ ಬಗ್ಗೆ. ರೆಫರಿಗಳ ಅಧಿಕಾರ ಪಂದ್ಯಕ್ಕೆ 20 ನಿಮಿಷ ಮೊದಲು ಕೋರ್ಟಿಗೆ ಬಂದಾಗ ಶುರುವಾಗುತ್ತದೆ. ತಂಡಕ್ಕೆ ಅಧಿಕೃತ ದೂರು ಇದ್ದರೆ ಪಂದ್ಯ ಮುಗಿದ 15 ನಿಮಿಷದೊಳಗೆ ನಾಯಕ ಕ್ರ್ಯೂ ಚೀಫ್‌ಗೆ, ಅಂದರೆ ಮುಖ್ಯ ರೆಫರಿಗೆ ತಿಳಿಸಿ, ಸ್ಕೋರ್‌ಶೀಟಿನಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಸಹಿ ಹಾಕಬೇಕು. ಕೋಚ್ ಬಾಗಿಲಲ್ಲಿ ನಿಂತು ಕೂಗಿದ್ದು ದೂರಾಗುವುದಿಲ್ಲ. ಕೊನೆಯ ಬಜರ್‌ಗೂ ಸ್ಕೋರ್‌ಶೀಟಿನ ಸಹಿಗೂ ನಡುವೆ ಯಾರಾದರೂ ಬಾಯಿಗೆ ಬಂದಂತೆ ಮಾತಾಡಿದರೆ ವಾದಕ್ಕೆ ಇಳಿಯಬೇಡಿ. ಅವರು ಆಡಿದ ಮಾತನ್ನು ಆಡಿದ ಭಾಷೆಯಲ್ಲೇ, ಕೇಳಿಸಿದಷ್ಟನ್ನೇ, ಸಮಯದ ಸಮೇತ ಬರೆದಿಟ್ಟುಕೊಳ್ಳಿ. ಕ್ರ್ಯೂ ಚೀಫ್ ಸಹಿ ಹಾಕುವ ಮೊದಲು ಸ್ಕೋರ್‌ಶೀಟಿನ ಹಿಂಬದಿಯಲ್ಲಿ ಘಟನೆ ನಡೆದಿದೆ ಎಂದು ದಾಖಲಿಸಬೇಕು, ವಿವರವಾದ ವರದಿ ಆಮೇಲೆ ಸಂಘಟಕರಿಗೆ ಹೋಗುತ್ತದೆ. ಆ ಸಹಿ ಬಿದ್ದರೆ ಪಂದ್ಯದೊಂದಿಗೆ ರೆಫರಿಗಳ ಸಂಬಂಧ ಮುಗಿಯಿತು, ಮೊದಲು ಬರೆಯದೆ ಬಿಟ್ಟಿದ್ದನ್ನು ಆಮೇಲೆ ಅದರಲ್ಲಿ ಸೇರಿಸಲಾಗದು.