ಬಾಲಕ್ಕಿಂತ ಮೊದಲು ಹೊಟ್ಟೆ ನೋಡಿ: ಪೆರುವಿನ ಸ್ಪ್ಯಾಟುಲ್‌ಟೇಲ್ ಹುಡುಕಿ ಹೊರಡುವವರಿಗೆ

ಮಾರ್ವೆಲಸ್ ಸ್ಪ್ಯಾಟುಲ್‌ಟೇಲ್ ಎಂಬ ಹಮ್ಮಿಂಗ್‌ಬರ್ಡ್ ಇರುವುದು ಉತ್ತರ ಪೆರುವಿನಲ್ಲಿ ಮಾತ್ರ. ಅದರಲ್ಲೂ ಉಟ್ಕುಬಾಂಬ ನದಿ ಕಣಿವೆಯ ಆಸುಪಾಸಿನಲ್ಲೇ ಹೆಚ್ಚು. ನೋಡಲು ಸುಲಭದ ಜಾಗ ಪೊಮಕೊಚಾಸ್ ಊರಿನ ಹತ್ತಿರದ ವೆಂಬೊ ಮೀಸಲು ಪ್ರದೇಶ. ಲಿಮಾದಿಂದ ಹಯೆನ್‌ವರೆಗೆ ವಿಮಾನ, ಮುಂದೆ ಪೆದ್ರೊ ರುಯಿಸ್ ಮೇಲಿನಿಂದ ರಸ್ತೆ. ಮಳೆಗಾಲದಲ್ಲಿ ಇಲ್ಲಿ ಗುಡ್ಡ ಕುಸಿಯುವುದು ಮಾಮೂಲು, ಒಂದು ದಿನ ಕೈಯಲ್ಲಿಟ್ಟುಕೊಂಡೇ ಹೋಗಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲಾದರೂ ಹಾಕಿಸಿ. ಪೆರುವಿನಿಂದ ಭಾರತಕ್ಕೆ ಮರಳುವಾಗ ಆ ಲಸಿಕೆಯ ಕಾರ್ಡ್ ಕೇಳುತ್ತಾರೆ.

ಇನ್ನು ಹಕ್ಕಿಯ ವಿಷಯ. ಫೋಟೋಗಳಲ್ಲಿ ನೋಡಿದ ಬಾಲವನ್ನೇ ಕಾಯುತ್ತಾ ಕೂತರೆ ಎದುರಿಗೇ ಬಂದು ಹೋದ ಹಕ್ಕಿ ಕೈತಪ್ಪುತ್ತದೆ. ಆ ಬಾಲ ಬಲಿತ ಗಂಡಿಗೆ ಮಾತ್ರ. ಉಳಿದ ಹಮ್ಮಿಂಗ್‌ಬರ್ಡ್‌ಗಳಿಗೆ ಸಾಮಾನ್ಯವಾಗಿ ಬಾಲದಲ್ಲಿ 10 ಗರಿ. ಈ ಗಂಡಿಗೆ ನಾಲ್ಕೇ. ಅದರಲ್ಲಿ ಎರಡು ತಂತಿಯಂತೆ ನೀಳವಾಗಿ ಬೆಳೆದು, ಒಂದನ್ನೊಂದು ಅಡ್ಡ ಹಾಯ್ದು, ತುದಿಯಲ್ಲಿ ನೀಲಿ-ನೇರಳೆ ಬಿಲ್ಲೆಗಳಾಗುತ್ತವೆ. ನಮ್ಮ ಮಲೆನಾಡಿನ ಭೀಮರಾಜನನ್ನು ಕಂಡವರಿಗೆ ಈ ಬಿಲ್ಲೆ ಹೊಸತಲ್ಲ. ಆದರೆ ಇದು ಹೆಬ್ಬೆರಳ ಗಾತ್ರದ ಹಕ್ಕಿ, ಹೂವಿನ ಮುಂದೆ ನಿಂತಲ್ಲೇ ನಿಂತು ಆ ಬಾಲವನ್ನು ತೂಗಾಡಿಸುತ್ತದೆ.

ಹೆಣ್ಣಿಗೆ ಬಾಲ ಗಿಡ್ಡ, ಬಿಲ್ಲೆಯೂ ಸಣ್ಣದು, ನೆತ್ತಿಯ ನೀಲಿ ಜುಟ್ಟಿಲ್ಲ, ಕಂಠ ಬಿಳಿ. ಎಳೆಯ ಗಂಡಿನಲ್ಲಿ ಬಾಲವೂ ಕಂಠದ ಹಸಿರು-ನೀಲಿ ಹೊಳಪೂ ಇನ್ನೂ ಪೂರ್ತಿ ಬಂದಿರುವುದಿಲ್ಲ. ಬಲಿತ ಗಂಡನ್ನು ನಾನು ಗುರುತಿಸುವುದು ಬಿಳಿ ಹೊಟ್ಟೆಯ ನಡುವೆ ಇಳಿಯುವ ಕಪ್ಪು ಗೆರೆಯಿಂದ. ಮುಂದೆ ಆಬ್ರಾ ಪತ್ರೀಸಿಯಾ ಎಂಬ ಕಾಡಿನ ತಾಣಕ್ಕೂ ಹೋಗುವವರಾದರೆ ಇದು ಇನ್ನೂ ಮುಖ್ಯ. ಅಲ್ಲಿನ ಬೂಟೆಡ್ ರಾಕೆಟ್‌ಟೇಲ್ ಎಂಬ ಇನ್ನೊಂದು ಹಮ್ಮಿಂಗ್‌ಬರ್ಡ್‌ನ ಗಂಡಿಗೂ ಬಾಲದ ತುದಿಯಲ್ಲಿ ಬಿಲ್ಲೆಗಳಿವೆ. ಅದರ ಹೊಟ್ಟೆ ಹಸಿರು, ಕಾಲಿಗೆ ಕಿತ್ತಳೆ ಬಣ್ಣದ, ಉಣ್ಣೆಯಂಥ ಗರಿಯ ಉಂಡೆಗಳು.

ವೆಂಬೊದಲ್ಲಿ ಸಕ್ಕರೆ ನೀರಿನ ಬಾಟಲಿಗಳ ಸುತ್ತ ದೊಡ್ಡ ಜಾತಿಗಳದ್ದೇ ದರ್ಬಾರು. ಚೆಸ್ಟ್‌ನಟ್-ಬ್ರೆಸ್ಟೆಡ್ ಕರೊನೆಟ್ ಅಂತೂ ಮಹಾ ಜಗಳಗಂಟ. ಸ್ಪ್ಯಾಟುಲ್‌ಟೇಲ್ ಅವುಗಳಿಗೆ ಹೆದರಿ ಒಂದು ಗುಟುಕು ಹೀರಿ ಮಾಯ. ಅದಕ್ಕೇ ಬಾಟಲಿಗೆ ಕಣ್ಣು ನೆಟ್ಟು ಕೂರುವ ಬದಲು ಪಕ್ಕದ ಪೊದೆಯ ಕೆಳಗೊಂಬೆಗಳನ್ನು ನೋಡುತ್ತಿರಿ, ಅದು ಸರದಿಗೆ ಕಾಯುವುದು ಅಲ್ಲೇ. ಪೊಮಕೊಚಾಸ್‌ನಲ್ಲಿ ಉಳಿದುಕೊಂಡರೆ ಬೆಳಗ್ಗೆ ಬೇಗ ತಲುಪಬಹುದು. ಫ್ಲ್ಯಾಶ್ ಬೇಡ. ಬಿಲ್ಲೆಗಳು ಮಸುಕಾಗದಂತೆ ಶಟರ್ ವೇಗ ಆದಷ್ಟು ಹೆಚ್ಚಿಡಿ. ಮೋಡದ ದಿನ ಕಂಠ ಕಪ್ಪಾಗಿ ಕಾಣುತ್ತದೆ, ಆಗ ಗುರುತಿಗೆ ಹೊಟ್ಟೆಯ ಗೆರೆಯೇ ಗತಿ.