‘ಕ’ ಕೇಳಿದರೆ ‘ಕಾ’ ಕೊಡಬಹುದಾ?

ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ನಾನೊಂದು ಪದಗಳ ಒಗಟು ಹಾಕುತ್ತೇನೆ. ಆಟ ಸರಳ. ಶುರುವಿನ ಎರಡು ಅಕ್ಷರ ಮತ್ತು ನಾಲ್ಕೈದು ಸುಳಿವು ನಾನು ಕೊಡುತ್ತೇನೆ. ಉತ್ತರಗಳೆಲ್ಲ ಆ ಎರಡು ಅಕ್ಷರದಿಂದಲೇ ಶುರುವಾಗಬೇಕು. ಉದಾಹರಣೆಗೆ ‘ಕೊಡ’ ತಗೊಳ್ಳಿ. ಮರ ಕಡಿಯೋಕೆ ಬೇಕು: ಕೊಡಲಿ. ಮಡಿಕೇರಿ ಇರುವ ಜಿಲ್ಲೆ: ಕೊಡಗು. ಕೊಲ್ಲೂರಿನಿಂದ ಜೀಪು ಹತ್ತಿ ಹೋಗುವ ಬೆಟ್ಟ: ಕೊಡಚಾದ್ರಿ. ಬಾವಿಯಿಂದ ನೀರು ತರೋದು: ಕೊಡಪಾನ.

ಗುಂಪಿಗೆ ಹೊಸಬರು ಯಾರೇ ಬರಲಿ, ಮೊದಲ ವಾರವೇ ಒಂದು ಪ್ರಶ್ನೆ ಕೇಳುತ್ತಾರೆ. “‘ಕೊಡ’ ಅಂದ್ರೆ ಕೊಡೆ, ಕೊಡುಗೆ ನಡೆಯುತ್ತಾ? ಕೋಡುಬಳೆ?” ಅಂದರೆ, ‘ಕ’ ಕೇಳಿದರೆ ‘ಕಾ’, ‘ಕಿ’, ‘ಕೋ’ ಎಲ್ಲ ಲೆಕ್ಕಕ್ಕೆ ಬರುತ್ತಾ ಅಂತ.

ಬರಲ್ಲ. ಕೋಡುಬಳೆ ತಿನ್ನೋಕೆ ಚೆನ್ನ, ಆದರೆ ಈ ಸಾಲಿಗೆ ಸೇರಲ್ಲ.

ಇಷ್ಟು ಹೇಳಿದರೆ ಜಗಳ ನಿಲ್ಲಲ್ಲ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ನಾವೆಲ್ಲ ಕಾಗುಣಿತ ಕಲಿತದ್ದು ಹೇಗೆ? ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ಸ್ಲೇಟಿನ ಮೇಲೆ ಒಂದೊಂದಕ್ಕೂ ಒಂದೊಂದು ಜಾಗ. ಪೇಪರಿನ ಪದಬಂಧದಲ್ಲೂ ಅಷ್ಟೇ. ‘ಕಿ’ಗೆ ಒಂದು ಮನೆ, ‘ಕ್ಕೆ’ಗೂ ಒಂದೇ ಮನೆ. ‘ಸಂ’ ಕೂಡ ಒಂದೇ ಮನೆ. ಸಂಜೆ, ಸಂತೆ, ಸಂಬಳ, ಸಂಡಿಗೆ, ಸಂಪಿಗೆ ಎಲ್ಲ ಒಂದೇ ಅಕ್ಷರದ ಮಕ್ಕಳು. (‘ಸಂ’ ನನಗೆ ಬಹಳ ಇಷ್ಟ. ಒಂದು ಸಂಜೆಗೆ ಬೇಕಾದ್ದೆಲ್ಲ ಅದರಲ್ಲೇ ಇದೆ, ಸಂಬಳವೂ ಸೇರಿ.) ಬರೆಯುವಾಗ ಒಂದು ಮನೆಯಲ್ಲಿ ಕೂರೋದು ಒಂದು ಅಕ್ಷರ. ನನ್ನ ಆಟ ನಿಂತಿರೋದೂ ಅದರ ಮೇಲೇ.

ಈ ನಿಯಮ ಗೊತ್ತಿಲ್ಲದೆ ಇರೋದು ಕಂಪ್ಯೂಟರಿಗೆ. ಪದಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ತುಂಬಿಟ್ಟಿದ್ದೇನೆ. ಒಂದು ಸಲ ‘ಮರ’ ಅಂತ ಹುಡುಕಿದೆ. ಮರಳು, ಮರಗೆಣಸು ಬಂದವು, ಸರಿ. ಹಿಂದೆಯೇ ಮರಿ, ಮರುದಿನ, ಮರೆವು, ಕೊನೆಗೆ ಮರ್ಯಾದೆಯೂ ಬಂತು! ಕಾರಣ ಸುಲಭ. ಪರದೆ ಮೇಲೆ ನಮಗೆ ‘ರಿ’ ಒಂದೇ ಅಕ್ಷರವಾಗಿ ಕಾಣುತ್ತದೆ. ಕಂಪ್ಯೂಟರು ಅಕ್ಷರಗಳಿಗೆ ಬಳಸುವ ಸಂಕೇತಗಳ ಪಟ್ಟಿ ಯುನಿಕೋಡ್. ಅದರೊಳಗೆ ‘ರಿ’ ಅಂದರೆ ‘ರ’ ಮತ್ತು ಗುಡಿಸು, ಎರಡು ಬೇರೆ ಬೇರೆ ಸಂಕೇತ. ‘ಕ್ಷ’ ಅಂತೂ ಮೂರು. ಕ, ಮಧ್ಯೆ ‘ಅ’ ಸ್ವರ ತೆಗೆಯುವ ವಿರಾಮದ ಚಿಹ್ನೆ, ಆಮೇಲೆ ಷ. ಹೀಗಾಗಿ ಯಂತ್ರಕ್ಕೆ ಮರವೂ ಮರಿಯೂ ಒಂದೇ ಬಾಗಿಲಿಂದ ಬರುತ್ತವೆ. ಈಗ ಹುಡುಕಿದ ಮೇಲೆ ಕಣ್ಣಿಂದಲೇ ಆರಿಸುತ್ತೇನೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಆದರೂ ದೊಡ್ಡ ಜಗಳ ಆಗಿದ್ದು ‘ಕರ’ ಕೊಟ್ಟ ವಾರ. ಜೇನು ಕಂಡರೆ ಬಿಡದ ಪ್ರಾಣಿ: ಕರಡಿ. ಬೆಂಗಳೂರಲ್ಲಿ ಚೈತ್ರದ ಹುಣ್ಣಿಮೆ ರಾತ್ರಿ ಹೊರಡೋದು: ಕರಗ. ಬೇಸಿಗೆಯಲ್ಲಿ ಜ್ಯೂಸ್ ಮಾಡುವ ಹಣ್ಣು: ಕರಬೂಜ. ಕಿಸೆಯಲ್ಲಿ ಮಡಚಿಡುವ ಬಟ್ಟೆ: ಕರವಸ್ತ್ರ. ಐದನೆಯದಾಗಿ ‘ನಿಮಗೆ ತೋಚಿದ್ದು’ ಅಂತ ಬಿಟ್ಟಿದ್ದೆ. ಎದುರುಮನೆಯ ಮೇಷ್ಟ್ರು ‘ಕರ್ನಾಟಕ’ ಅಂತ ಕಳಿಸಿದರು. ನಾನು ಅಂಕ ಕೊಡಲಿಲ್ಲ. ಹತ್ತು ನಿಮಿಷಕ್ಕೆ ಗೇಟಿನ ಹತ್ತಿರ ಬಂದು ನಿಂತರು.

“ಏನಮ್ಮಾ, ಕನ್ನಡದ ಗುಂಪಲ್ಲಿ ಕರ್ನಾಟಕಕ್ಕೇ ಜಾಗ ಇಲ್ವಾ?”

“ಮೇಷ್ಟ್ರೇ, ನೀವೇ ಬಿಡಿಸಿ ಬರೀರಿ” ಅಂತ ಪೇಪರಿನ ಅಂಚು ಮುಂದೆ ಹಿಡಿದೆ. ಬರೆದರು. ಕ-ರ್ನಾ-ಟ-ಕ. ನಾಲ್ಕು ಮನೆ. ಎರಡನೇ ಮನೆಯಲ್ಲಿ ‘ರ’ ಒಬ್ಬನೇ ಇಲ್ಲ, ‘ನಾ’ದ ಬೆನ್ನಿಗೆ ಅರ್ಕಾವೊತ್ತಾಗಿ ಅಂಟಿಕೊಂಡಿದ್ದಾನೆ. ಮೇಷ್ಟ್ರು ಅದನ್ನೇ ಸ್ವಲ್ಪ ಹೊತ್ತು ನೋಡಿದರು. “ಕಿವಿಗೆ ಕರ್ ಅಂತ ತಾನೆ ಕೇಳೋದು?” ಅಂದರು. ಕೇಳುತ್ತೆ ನಿಜ. ಆದರೆ ‘ಕರ್’ ಬೇರೆ, ‘ಕರ’ ಬೇರೆ. ಅವರ ಮೊಮ್ಮಗ ಫೋನಿನಲ್ಲಿ ‘ಕನಾ೯ಟಕ’ ಅಂತ ಟೈಪ್ ಮಾಡುತ್ತಾನಂತೆ, ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಹಾಕಿ. ನೋಡೋಕೆ ಹಾಗೇ ಕಾಣುತ್ತೆ, ನಿಜ. ಆ ಹುಡುಗನ ಲೆಕ್ಕದಲ್ಲಿ ನಮ್ಮ ರಾಜ್ಯ ‘ಕನಾ’ದಿಂದ ಶುರುವಾಗಿ ಮಧ್ಯದಲ್ಲಿ ಒಂಬತ್ತಾಗುತ್ತದೆ.

ಮೇಷ್ಟ್ರು ಸೋಲು ಒಪ್ಪುವವರಲ್ಲ. ಮಾರನೇ ದಿನ ಪ್ರಾಸ ಹಿಡಿದುಕೊಂಡು ಬಂದರು. ಹಳೇ ಕವಿಗಳು ನಿನ್ನಷ್ಟು ಕಟ್ಟುನಿಟ್ಟಿರಲಿಲ್ಲ ಅಂತ. ಮಾತಲ್ಲಿ ಅರ್ಧ ಸತ್ಯ ಇದೆ. ಕನ್ನಡದ ಹಳೇ ಪದ್ಯಗಳಲ್ಲಿ ಆದಿಪ್ರಾಸ ಬೇಕೇ ಬೇಕು. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಪ್ರಾಸದ ಮಾತು ಬರುತ್ತದೆ. ಹೆಸರು ಆದಿ ಅಂತಿದ್ದರೂ ಅಲ್ಲಿ ನೋಡೋದು ಸಾಲಿನ ಎರಡನೇ ಅಕ್ಷರ, ಅದರಲ್ಲೂ ಬರೀ ವ್ಯಂಜನ. ಒಂದು ಸಾಲು ಕರಡಿಯಿಂದ, ಇನ್ನೊಂದು ಮರಿಯಿಂದ, ಮತ್ತೊಂದು ತಿರುಗಿನಿಂದ ಶುರುವಾದರೆ ಕವಿಗೆ ತಕರಾರಿಲ್ಲ. ಮೂರರಲ್ಲೂ ಎರಡನೆಯದು ರಕಾರ.

ಆದರೆ ಮೊದಲ ಅಕ್ಷರದ ವಿಷಯದಲ್ಲಿ ಕವಿಗಳು ನನಗಿಂತ ಕಮ್ಮಿ ಇಲ್ಲ. ಅದು ಒಂದು ಸಾಲಲ್ಲಿ ಹ್ರಸ್ವ ಇದ್ದರೆ ಎಲ್ಲ ಸಾಲಲ್ಲೂ ಹ್ರಸ್ವವೇ ಇರಬೇಕು. ಹ್ರಸ್ವಕ್ಕೆ ಸಿಂಹಪ್ರಾಸ ಅಂತ ಹೆಸರು, ದೀರ್ಘಕ್ಕೆ ಗಜಪ್ರಾಸ, ಎರಡನೇ ಅಕ್ಷರ ದ್ವಿತ್ವವಾದರೆ, ಅಂದರೆ ‘ಕ್ಕ’, ‘ಲ್ಲ’ ಥರ ಒಂದೇ ವ್ಯಂಜನ ಎರಡು ಸಲ ಬಂದರೆ, ಹಯಪ್ರಾಸ. ಕರಡಿಯ ಸಾಲಿಗೆ ಕಾರು ತಂದು ನಿಲ್ಲಿಸುವ ಹಾಗಿಲ್ಲ. ಇದನ್ನು ಹೇಳಿದಾಗ ಮೇಷ್ಟ್ರು ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಡದೆ “ಸಕ್ಕರೆ ಜಾಸ್ತಿ ಆಯ್ತು” ಅಂದರು.

ಸರಿ, ಎರಡು ಅಕ್ಷರ ಆರಿಸೋದು ಹೇಗೆ? ‘ಅನು’, ‘ಉಪ’, ‘ಪರಿ’ ಥರದ್ದನ್ನು ನಾನು ಕೊಡೋದೇ ಇಲ್ಲ. ಸಂಸ್ಕೃತದ ಈ ಉಪಸರ್ಗಗಳಿಗೆ ಪದಗಳು ರಾಶಿ ರಾಶಿ. ಅನುಭವ, ಅನುಮಾನ, ಅನುಮತಿ, ಅನುದಾನ, ಅನುವಾದ. ಸುಳಿವೇ ಬೇಡ, ಸುಮ್ನೆ ಹೇಳುತ್ತಾ ಹೋಗಬಹುದು. ‘ಪರಿ’ಯಲ್ಲಿ ಮಾತ್ರ ಒಂದು ಒಳ್ಳೇ ಗುಂಡಿ ಇದೆ. ಪರಿಸರ, ಪರಿಮಳ, ಪರಿಹಾರ ಅಂತ ಬರೆಯುತ್ತಾ ಬಂದವರು ಪರೀಕ್ಷೆಯಲ್ಲಿ ಬಿದ್ದೇ ಬೀಳುತ್ತಾರೆ. ಅದು ಪರಿ ಮತ್ತು ಈಕ್ಷೆ ಸೇರಿ ಆದದ್ದು. ಹಾಗಾಗಿ ‘ರೀ’.

ನನಗೆ ಖುಷಿ ಕೊಡೋದು ಅಚ್ಚಗನ್ನಡದ ಗುಂಪುಗಳು. ಅದರಲ್ಲಿ ‘ಮುಂ’, ‘ಹಿಂ’ ಜೋಡಿ ಬಹಳ ಚೆಂದ. ಮುಂಗಾರು, ಹಿಂಗಾರು. ಮುಂಬಾಗಿಲು, ಹಿಂಬಾಗಿಲು. ಮುಂಬಡ್ತಿ, ಹಿಂಬಡ್ತಿ. ಆದರೆ ಮುಂಗೋಪ ಇದೆ, ಹಿಂಗೋಪ ಇಲ್ಲ. (ನಮ್ಮ ಮನೆಯವರಿಗೆ ಇದೆ ಅನ್ನೋದು ಬೇರೆ ಮಾತು.)

ಎಲ್ಲಕ್ಕಿಂತ ಒಳ್ಳೇದು ‘ಹೆ’. ಒಂದೇ ಅಕ್ಷರ ಕೊಟ್ಟು, ಎಲ್ಲ ಉತ್ತರದಲ್ಲೂ ‘ದೊಡ್ಡದು’ ಅನ್ನೋ ಅರ್ಥ ಇರಬೇಕು ಅಂತ ಹೇಳಿದೆ. ದೊಡ್ಡ ದಾರಿ ಹೆದ್ದಾರಿ. ದೊಡ್ಡ ಮರ ಹೆಮ್ಮರ. ದೊಡ್ಡ ಜೇನು ಹೆಜ್ಜೇನು. ದೊಡ್ಡ ಬೆರಳು ಹೆಬ್ಬೆರಳು. ಈ ನಾಲ್ಕರಲ್ಲೂ ‘ಹೆ’ ಆದಮೇಲೆ ಬರುವ ಪದದ ಮೊದಲ ವ್ಯಂಜನ ಎರಡಾಗಿದೆ. ಇದನ್ನು ಹಿಡಿದವರು ಪಟಪಟ ಉತ್ತರ ಕಳಿಸಿದರು. ಆಗ ನನ್ನ ಮಗಳು ಕೇಳಿದಳು, “ಅಮ್ಮಾ, ಹಾಗಾದ್ರೆ ದೊಡ್ಡ ಹಾವು ಹೆಹ್ಹಾವು ಆಗಬೇಕಿತ್ತು ಅಲ್ವಾ?”

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹೌದಲ್ಲ, ಹೆಬ್ಬಾವಿಗೆ ‘ಬ’ ಎಲ್ಲಿಂದ ಬಂತು? ಉತ್ತರ ಹಳಗನ್ನಡದಲ್ಲಿದೆ. ಆಗ ಹಾವು ಪಾವಾಗಿತ್ತು. ಹಾಲು ಪಾಲು, ಹುಲಿ ಪುಲಿ, ಹಳ್ಳಿ ಪಳ್ಳಿ. ಆಮೇಲೆ ಪದದ ಮೊದಲಲ್ಲಿದ್ದ ‘ಪ’ ‘ಹ’ ಆಯಿತು. ತಮಿಳಿನವರು ಇವತ್ತಿಗೂ ಪಾಂಬು ಅಂತಾರೆ. ಆದರೆ ಹೆಬ್ಬಾವಿನಲ್ಲಿ ಪಾವು ಒಳಗೆ ಸಿಕ್ಕಿಕೊಂಡಿತ್ತು. ಅಲ್ಲಿ ‘ಪ’ ‘ಬ’ ಆಗಿ ಉಳಿಯಿತು, ‘ಹ’ ಆಗೋಕೆ ಆಗಲಿಲ್ಲ. ಕಂಬನಿಯದೂ ಅದೇ ಕಥೆ. ಕಣ್ಣಿನ ಪನಿ. ಪನಿ ಹೊರಗೆ ಹನಿಯಾಗಿದೆ, ಕಣ್ಣಿನ ಜೊತೆ ಇನ್ನೂ ಬನಿ.

ಅವತ್ತು ಮಗಳಿಗೆ ಐದಕ್ಕೆ ಆರು ಅಂಕ ಕೊಟ್ಟೆ. ಮೇಷ್ಟ್ರು ಇದಕ್ಕೂ ತಕರಾರು ತೆಗೆದರು, ಮನೆಮಕ್ಕಳಿಗೆ ರಿಯಾಯಿತಿ ಅಂತ.

ಮುಂದಿನ ಭಾನುವಾರದ ಒಗಟು ನಿಮಗೂ ಇರಲಿ. ಅಕ್ಷರ ‘ಬೆಳ’. ಒಂದು, ಕರೆಂಟು ಹೋದರೆ ಇದೂ ಹೋಗುತ್ತೆ. ಎರಡು, ಕುಂದಾಕ್ಕೆ ಹೆಸರಾದ ಊರು. ಮೂರು, ಹುಣ್ಣಿಮೆ ರಾತ್ರಿ ಅಂಗಳದಲ್ಲಿ ಚೆಲ್ಲಿರುತ್ತೆ. ನಾಲ್ಕು, ನಿಮಗೆ ತೋಚಿದ್ದು. ಬೆಳ್ಳುಳ್ಳಿ ಕಳಿಸಬೇಡಿ, ಅಂಕ ಸಿಗಲ್ಲ. ಮೇಷ್ಟ್ರು ಆಗಲೇ ಕಳಿಸಿಯಾಗಿದೆ.